ಫೋಟೊಗ್ರಾಫ್, ಫೋಟೊಗ್ರಫಿ: ಉದ್ದನೆಯ ಇಂಗ್ಲಿಷ್ ಪದಗಳಲ್ಲಿ ಒತ್ತು ಎಲ್ಲಿ ಬೀಳುತ್ತದೆ?

ಪ್ರಶ್ನೆ (ಶಿಕ್ಷಕಿ, ದಾವಣಗೆರೆ)
ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ನಿಘಂಟಿನಲ್ಲಿ ‘ಫೋಟೊಗ್ರಾಫ್’ ಪದಕ್ಕೆ ಮೊದಲ ಸಿಲಬಲ್ (ಉಚ್ಚಾರಣೆಯ ತುಂಡು) ಮೇಲೆ ಒತ್ತಿನ, ಅಂದರೆ ಅದನ್ನು ಎದ್ದು ಕೇಳಿಸುವಂತೆ ಹೇಳಬೇಕೆಂಬ, ಗುರುತಿದ್ದರೆ, ‘ಫೋಟೊಗ್ರಫಿ’ಗೆ ಎರಡನೆಯದರ ಮೇಲಿದೆ. ಮೂಲ ಒಂದೇ ಆಗಿರುವಾಗ ಒತ್ತು ಏಕೆ ಸರಿಯುತ್ತದೆ? ಮಕ್ಕಳಿಗೆ ಗೊತ್ತಿರುವ ಲಘು–ಗುರುಗಳ ಮೂಲಕ ಇದನ್ನು ವಿವರಿಸಬಹುದೇ?

ಉತ್ತರ (ನಿವೃತ್ತ ಉಪನ್ಯಾಸಕ, ಚಿತ್ರದುರ್ಗ)
ಮೇಡಂ, ಒತ್ತಿನ ಜಾಗವನ್ನು ಬಹುಮಟ್ಟಿಗೆ ಪದದ ಕೊನೆಯ ಪ್ರತ್ಯಯವೇ ಗೊತ್ತುಮಾಡುತ್ತದೆ. ‘ಇಕ್’, ‘ಷನ್’, ‘ಇಟಿ’ ಎಂದು ಮುಗಿಯುವ ಪದಗಳಲ್ಲಿ ಪ್ರತ್ಯಯದ ಹಿಂದಿನ ಸಿಲಬಲ್‌ಗೆ ಒತ್ತು ಬೀಳುವುದರಿಂದ ‘ಫೋಟೊಗ್ರಾಫಿಕ್’ನಲ್ಲಿ ‘ಗ್ರಾ’, ‘ಎಜುಕೇಷನ್’ನಲ್ಲಿ ‘ಕೇ’ ಎದ್ದು ಕೇಳಿಸುತ್ತವೆ. ‘ನೆಸ್’, ‘ಫುಲ್’ ಮುಂತಾದವು ಒತ್ತನ್ನು ಕದಲಿಸುವುದಿಲ್ಲ. ‘ಎಂಜಿನಿಯರ್’ನಲ್ಲಾದರೋ ಕೊನೆಯ ಭಾಗವೇ ಒತ್ತನ್ನು ಹೊರುತ್ತದೆ, ಎಂಜಿನಿಯರಿಂಗ್ ಕಾಲೇಜುಗಳಿರುವ ನಿಮ್ಮ ಊರಿನಲ್ಲೂ ಅದನ್ನು ಹಾಗೆ ಹೇಳುವವರು ವಿರಳವೆಂದು ನನ್ನ ಅಂದಾಜು. ಅಪವಾದಗಳೂ ಇವೆ: ‘ಪಾಲಿಟಿಕ್ಸ್’ನಲ್ಲಿ ಒತ್ತು ಮೊದಲಿಗೇ ಬೀಳುತ್ತದೆ.

ಲಘು–ಗುರುಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಗುರುವೆಂದರೆ ಎರಡು ಮಾತ್ರೆಯ ಕಾಲ. ಇಂಗ್ಲಿಷಿನ ಒತ್ತಿನಲ್ಲಿ ದನಿಯ ಏರು, ಗಟ್ಟಿತನ, ಉದ್ದ ಎಲ್ಲವೂ ಬೆರೆತಿರುತ್ತವೆ, ಜೊತೆಗೆ ಒತ್ತು ತಪ್ಪಿದ ಕಡೆ ಸ್ವರವೇ ಸವೆದುಹೋಗುತ್ತದೆ. ‘ಫೋಟೊಗ್ರಫಿ’ ಎಂದು ಬರೆದು ಪ್ರಸ್ತಾರ ಹಾಕಿದರೆ ‘ಫೋ’ ಗುರು, ಮುಂದೆ ಒತ್ತಕ್ಷರ ಇರುವುದರಿಂದ ‘ಟೊ’ ಕೂಡ ಗುರು. ಇಂಗ್ಲಿಷಿನವರ ಬಾಯಲ್ಲಿ ಕೇಳಿಸುವುದಾದರೋ ಹೆಚ್ಚುಕಡಿಮೆ ‘ಫಟಾಗ್ರಫಿ’. ಕಿವಿಗೆ ಬಿದ್ದಂತೆ ಹೀಗೆ ಬರೆಸಿ ಪ್ರಸ್ತಾರ ಹಾಕಿಸಿದರೆ ‘ಟಾ’ ಒಂದೇ ಗುರುವಾಗಿ ಉಳಿಯುತ್ತದೆ. ಮೊದಲ ಪಾಠಕ್ಕೆ ಇಷ್ಟು ಸಾಕು. ಎಲ್ಲ ಪದಗಳಿಗೂ ಇದು ಒಗ್ಗದು.

ಉತ್ತರ (ಅನುವಾದಕಿ, ದಾವಣಗೆರೆ)
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಉಚ್ಚಾರಣೆಯ ತುಂಡುಗಳೂ ಅರ್ಥದ ತುಂಡುಗಳೂ ಒಂದೇ ಕಡೆ ಕಡಿಯುತ್ತವೆಂದು ಮಕ್ಕಳು ಭಾವಿಸಬಾರದು. ‘ಹೆಲಿಕಾಪ್ಟರ್’ ಅನ್ನು ಹೇಳುವಾಗ ಹೆ–ಲಿ–ಕಾಪ್–ಟರ್ ಎಂದು ಬಿಡಿಸುತ್ತೇವೆ. ಆದರೆ ಅದರ ಗ್ರೀಕ್ ಮೂಲಗಳು ಸುರುಳಿ ಎಂಬರ್ಥದ ‘ಹೆಲಿಕೊ’ ಮತ್ತು ರೆಕ್ಕೆ ಎಂಬರ್ಥದ ‘ಪ್ಟೆರಾನ್’. ಸಾಲಿನ ಕೊನೆಯಲ್ಲಿ ಪದ ಒಡೆಯುವಾಗ ಅಮೆರಿಕದ ಮುದ್ರಕರು ಉಚ್ಚಾರಣೆಯನ್ನೂ ಬ್ರಿಟಿಷ್ ಸಂಪ್ರದಾಯದವರು ಪದರಚನೆಯನ್ನೂ ಹೆಚ್ಚಾಗಿ ಅನುಸರಿಸುತ್ತಾರೆ. ಆದ್ದರಿಂದ ಅರ್ಥ ಹೇಳಿಕೊಡುವ ದಿನ ಒಂದು ಬಗೆಯಾಗಿ, ಓದಿಸುವ ದಿನ ಇನ್ನೊಂದು ಬಗೆಯಾಗಿ ಬಿಡಿಸುವುದೇ ವಾಸಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ‘ರೆಸ್ಪಾನ್ಸಿಬಲ್’ನಲ್ಲಿ ‘ಸ್ಪಾನ್’ ಮೇಲಿದ್ದ ಒತ್ತು, ‘ರೆಸ್ಪಾನ್ಸಿಬಿಲಿಟಿ’ಯ ಆರು ಸಿಲಬಲ್‌ಗಳಲ್ಲಿ ‘ಬಿ’ಗೆ ಸರಿಯುತ್ತದೆಯೇ?

ಉತ್ತರ (ನಿವೃತ್ತ ಉಪನ್ಯಾಸಕ, ಚಿತ್ರದುರ್ಗ)
ಹೌದು, ‘ಇಟಿ’ಯ ಹಿಂದಿನದಕ್ಕೇ. ಆದರೆ ‘ಸ್ಪಾನ್’ ಪೂರ್ತಿ ಸಪ್ಪೆಯಾಗುವುದಿಲ್ಲ. ಅಲ್ಲಿ ಎರಡನೆಯ ದರ್ಜೆಯ ಒತ್ತು ಉಳಿಯುತ್ತದೆ, ನಿಘಂಟುಗಳು ಆ ಸಿಲಬಲ್‌ಗೆ ಮೊದಲು ಕೆಳಭಾಗದಲ್ಲಿ ಸಣ್ಣ ಲಂಬ ಗೀಟು ಹಾಕಿ ಅದನ್ನು ತೋರಿಸುತ್ತವೆ.