ಗಾಜಿನ ನಾರಿನ ರೆಕ್ಕೆಗೆ ಸಿಡಿಲಿನಿಂದ ರಕ್ಷಣೆ ಹೇಗೆ?

ಓಹಾಯೋ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ನಕ್ಷೆಯನ್ನು ಅನುಸರಿಸಿ ಮನೆಯ ಗ್ಯಾರೇಜಿನಲ್ಲಿ ಲಾಂಗ್-ಈಜಿ ವಿಮಾನವೊಂದನ್ನು ಕಟ್ಟುತ್ತಿದ್ದೇನೆ. ಬಲ ರೆಕ್ಕೆಗೆ ಎಪಾಕ್ಸಿಯಲ್ಲಿ (ಗಟ್ಟಿಯಾಗುವ ಅಂಟುರಾಳದಲ್ಲಿ) ತೋಯಿಸಿದ ಗಾಜಿನ ಬಟ್ಟೆಯನ್ನು ಹಾಸಿ ಆಗಿದೆ. ಎಡ ರೆಕ್ಕೆ ಇನ್ನೂ ಬರೀ ಫೋಮ್. ಗಾಜಿನಲ್ಲಿ ವಿದ್ಯುತ್ ಹರಿಯದ ಕಾರಣ ಸಿಡಿಲು ಇಂಥ ವಿಮಾನದ ಗೊಡವೆಗೆ ಬರುವುದಿಲ್ಲ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನನಗೆ ಧೈರ್ಯ ಸಾಲದು. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಮೇಲ್ಪದರದ ಕೆಳಗೆ ಅಂಟಿಸಿದರೆ ಆದೀತೇ?

ಹಳೆಯ ಗ್ಲೈಡರ್ ಪೈಲಟ್:
ನಿಮ್ಮ ಸ್ನೇಹಿತರ ಮಾತು ತಲೆಕೆಳಗಾಗಿದೆ. ಮೋಡದ ಪ್ರಬಲ ವಿದ್ಯುತ್ ಕ್ಷೇತ್ರದೊಳಗೆ ಹೊಕ್ಕ ವಿಮಾನವೇ ಹೆಚ್ಚಿನ ಸಲ ಸಿಡಿಲನ್ನು ಕೆರಳಿಸುತ್ತದೆ; ಗಾಜಿನ ಚರ್ಮ ಅದನ್ನು ತಡೆಯಲಾರದೆ ತೂತಾಗಿ, ಒಳಗಿರುವ ಲೋಹಕ್ಕೆ ದಾರಿ ಕೊಡುತ್ತದೆ. 1999ರ ಏಪ್ರಿಲ್ 17ರಂದು ಇಂಗ್ಲೆಂಡಿನ ಡನ್‌ಸ್ಟೇಬಲ್ ಬಳಿ ಎಎಸ್‌ಕೆ-21 ಗ್ಲೈಡರಿಗೆ ಸಿಡಿಲು ಬಡಿದಾಗ, ಪ್ರವಾಹವು ಏಲೆರಾನ್‌ಗಳನ್ನು (ವಿಮಾನವನ್ನು ವಾಲಿಸುವ ರೆಕ್ಕೆಯಂಚಿನ ಪಟ್ಟಿಗಳನ್ನು) ಆಡಿಸುವ ಲೋಹದ ಕೊಳವೆಗಳಲ್ಲಿ ಹರಿದು ಅವುಗಳನ್ನು ಹಿಸುಕಿತು, ಒಳಗಿನ ಗಾಳಿ ಥಟ್ಟನೆ ಹಿಗ್ಗಿ ರೆಕ್ಕೆಯ ಅಂಟುಗಳನ್ನು ಬಿಡಿಸಿತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟ್ ಕಟ್ಟಿಕೊಂಡಿದ್ದರಿಂದ ಬದುಕಿದರು. ನಿಮ್ಮ ವಿಮಾನದಲ್ಲಿ ರೆಕ್ಕೆಯ ತುದಿಯ ದೀಪದ ತಂತಿಯೂ, ತುದಿಯಲ್ಲಿ ಮೇಲಕ್ಕೆ ನಿಂತ ಕಿರುರೆಕ್ಕೆಯಾದ ವಿಂಗ್‌ಲೆಟ್ಟಿನಲ್ಲಿ ಹುದುಗಿಸುವ ಆಂಟೆನಾದ ಕೇಬಲ್ಲೂ ನೇರವಾಗಿ ಕಾಕ್‌ಪಿಟ್ಟಿಗೇ ಬರುತ್ತವೆ ಎಂಬುದನ್ನು ಗಮನಿಸಿ.

ಕಾಂಪೋಸಿಟ್ ಕೆಲಸಗಾರ:
ಅಡುಗೆಮನೆಯ ಹಾಳೆ ಖಂಡಿತ ಬೇಡ. ಅದರ ಮೂಲಕ ಎಪಾಕ್ಸಿ ಇಳಿಯುವುದಿಲ್ಲವಾದ್ದರಿಂದ ಪದರಗಳು ಒಂದಕ್ಕೊಂದು ಹಿಡಿಯದೆ ಬಿಟ್ಟುಕೊಳ್ಳುತ್ತವೆ. ಇದಕ್ಕೆಂದೇ ಸೀಳಿ ಹಿಗ್ಗಿಸಿದ ತಾಮ್ರದ ಅಥವಾ ಅಲ್ಯುಮಿನಿಯಮಿನ ಜಾಲರಿ ಸಿಗುತ್ತದೆ. ಅದನ್ನು ಬಣ್ಣಕ್ಕೆ ತಾಗಿದ ಹೊರಪದರದಲ್ಲೇ ಹಾಸಬೇಕು. ಕಾರ್ಬನ್ ನಾರು ಬಳಸಿದ ಕಡೆ ಅಲ್ಯುಮಿನಿಯಂ ತುಕ್ಕು ಹಿಡಿಯುವುದರಿಂದ ನಡುವೆ ಗಾಜಿನ ಪದರವೊಂದು ಬೇಕು. ದೊಡ್ಡ ಸಿಡಿಲಿಗೆಂದು ವಿಮಾನ ವಿನ್ಯಾಸದಲ್ಲಿ ಲೆಕ್ಕ ಹಿಡಿಯುವ ಪ್ರವಾಹ 2 ಲಕ್ಷ ಆಂಪಿಯರ್. ಅದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲಿಯೂ ತುಂಡಾಗದೆ ಸಾಗಬೇಕು. ಒಂದೇ ಒಂದು ಕೀಲಿನಲ್ಲಿ ಸಂಪರ್ಕ ಸಡಿಲವಾದರೂ ಕಿಡಿ ಅಲ್ಲೇ ಹಾರುತ್ತದೆ. ಹಾಗಾಗಿ ಒಂದು ರೆಕ್ಕೆಗೆ ಮಾತ್ರ ಜಾಲರಿ ಹಾಸುವುದು ರಕ್ಷಣೆಯಲ್ಲ. ಇನ್ನೊಂದು ತೊಡಕೂ ಇದೆ: ಜಾಲರಿಯ ಕೆಳಗೆ ಹುದುಗಿದ ಆಂಟೆನಾ ಕಿವುಡಾಗುತ್ತದೆ.

ಅಂದಹಾಗೆ, ಇಂಧನದ ಮಟ್ಟ ತಿಳಿಯಲು ಏನು ಮಾಡಿದ್ದೀರಿ?

ಓಹಾಯೋ ಕನ್ನಡಿಗ:
ಟ್ಯಾಂಕಿನೊಳಗೆ ಮಟ್ಟ ಅಳೆಯುವ ವಿದ್ಯುತ್ ಪ್ರೋಬ್ ಇಳಿಸುವ ಯೋಚನೆಯಿತ್ತು.

ಕಾಂಪೋಸಿಟ್ ಕೆಲಸಗಾರ:
ಕೈಬಿಡಿ. ಸಿಡಿಲಿನ ಪ್ರವಾಹ ಅದರ ತಂತಿಗೆ ಹೊಕ್ಕರೆ ಟ್ಯಾಂಕಿನೊಳಗೇ ಕಿಡಿ ಹಾರಬಹುದು. ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಸುಮಾರು 0.2 ಮಿಲಿಜೂಲ್ ಕಿಡಿ ಸಾಕು. ಮೂಲ ನಕ್ಷೆಯಲ್ಲಿರುವಂತೆ ಬಣ್ಣ ಬಳಿಯದೆ ಬಿಟ್ಟ ಗಾಜಿನ ನಾರಿನ ಕಿಂಡಿಯಲ್ಲೇ ಮಟ್ಟ ಕಾಣುತ್ತದೆ, ತಂತಿಯ ಹಂಗಿಲ್ಲ.

ಓಹಾಯೋ ಕನ್ನಡಿಗ:
ಇಬ್ಬರಿಗೂ ಧನ್ಯವಾದಗಳು. ಪ್ರೋಬನ್ನು ಅಂಗಡಿಗೆ ಹಿಂದಿರುಗಿಸುತ್ತೇನೆ. ಜಾಲರಿಯಿಲ್ಲದೆಯೇ ಕಟ್ಟಿ ಮುಗಿಸಿ, ಗುಡುಗುಮೋಡಗಳಿಂದ 20 ನಾಟಿಕಲ್ ಮೈಲಿ (ಸುಮಾರು 37 ಕಿ.ಮೀ.) ದೂರವಿದ್ದು, ಮೋಡದೊಳಗೆ ಹೋಗದೆ ಹಾರುತ್ತೇನೆ.