ಮೂರು ತಿಂಗಳ ಹೊಸ ಕ್ರೂಸರ್ ಬೈಕ್ ನಡುದಾರಿಯಲ್ಲಿ ಬಂದ್ ಆಗುತ್ತಿದೆ, ದಯವಿಟ್ಟು ಸಹಾಯ ಮಾಡಿ

ಉಣಕಲ್_ಸವಾರ: ತಲೆ ಕೆಟ್ಟುಹೋಗಿದೆ. 350 ಸಿಸಿ ಕ್ರೂಸರ್, ಓಡಿದ್ದು 2,100 ಕಿ.ಮೀ. ಒಂದು ವಾರದಿಂದ ಎಲ್ಲೆಂದರಲ್ಲಿ ನಿಲ್ಲುತ್ತಿದೆ. ನಿನ್ನೆ ನವನಗರದಲ್ಲಿ ಹಸಿರು ದೀಪ ಬೀಳುವುದಕ್ಕೂ ಇದು ನಿಲ್ಲುವುದಕ್ಕೂ ಸರಿಹೋಯಿತು. ಹಿಂದೆ ಲಾರಿ, ಹಾರ್ನ್ ಮೇಲೆ ಹಾರ್ನ್. ಎರಡು ಕ್ವಿಂಟಲ್ ಹತ್ತಿರದ ತೂಕವನ್ನು ಪಕ್ಕಕ್ಕೆ ತಳ್ಳುವಷ್ಟರಲ್ಲಿ ಅಂಗಿ ತೊಯ್ದುಹೋಯಿತು. ಸರ್ವಿಸ್‌ನವರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು, "ಏನೂ ಇಲ್ಲ" ಎಂದು ಕಳಿಸಿದರು. ಸಾಲ ಮಾಡಿ ತಂದ ಗಾಡಿ. ಏನಿರಬಹುದು?

ಗದಗ_ರೈಡರ್: ಪೆಟ್ರೋಲಿನಲ್ಲಿ ನೀರು. ಈಗ ಶೇ 20ರಷ್ಟು ಎಥೆನಾಲ್ ಬೆರೆಸುತ್ತಾರೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹೆಚ್ಚಾದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಖಾಲಿ ಮಾಡಿಸಿ, ಬೇರೆ ಬಂಕಿನಲ್ಲಿ ತುಂಬಿಸಿ.

ಉಣಕಲ್_ಸವಾರ: ಮಾಡಿಸಿದೆ. ಇಂದು ಮತ್ತೆ ಬಂದ್.

ಗದಗ_ರೈಡರ್: ಹಾಗಾದರೆ ಗಾಡಿಯ ಇಂಧನ ಪಂಪಿನ ಫಿಲ್ಟರಿನಲ್ಲಿ ಉಳಿದಿದೆ. ನೀರೇ ಸರ್, ಬರೆದುಕೊಡುತ್ತೇನೆ.

ಹಾವೇರಿ_350: ಎಲ್ಲದಕ್ಕೂ ಎಥೆನಾಲ್ ಬೈಯಬೇಡಿ. ನಮ್ಮ ಕಡೆ ಮೆಕ್ಕೆಜೋಳವೇ ಜೀವ, ಎಥೆನಾಲ್ ಮಾಡುವುದರಿಂದ ಅದಕ್ಕೊಂದು ಗಿರಾಕಿ ಸಿಕ್ಕಿದೆ.

ಗದಗ_ರೈಡರ್: ರೈತನಿಗೆ ಬೆಲೆ ಸಿಗಲಿ, ಬೇಡ ಎಂದವರಾರು? ಮೈಲೇಜ್ ಬೀಳುವುದು ನನ್ನ ಗಾಡಿಯದು.

ಧಾರವಾಡ_ಗ್ಯಾರೇಜ್: ನೀರಿದ್ದರೆ ಎಂಜಿನ್ ತಡವರಿಸಿ, ಜಗ್ಗಾಡಿ ನಿಲ್ಲುತ್ತದೆ. ಇವರದು ಹೇಗೆ ನಿಲ್ಲುತ್ತದೆ ಎಂದು ಯಾರಾದರೂ ಕೇಳಿದಿರಾ? ನ್ಯೂಟ್ರಲ್‌ನಲ್ಲಿ ನಿಲ್ಲುತ್ತದೆಯೇ? ಇತ್ತೀಚೆಗೆ ಎಲ್ಲಿಗೆ ಹೋಗಿದ್ದಿರಿ?

ಉಣಕಲ್_ಸವಾರ: ನ್ಯೂಟ್ರಲ್‌ನಲ್ಲಿ ಎಷ್ಟು ಹೊತ್ತಾದರೂ ಓಡುತ್ತದೆ. ಗೇರ್ ಹಾಕಿದ ಕೂಡಲೇ, ಇಲ್ಲವೇ ಹಂಪ್ ಮೇಲೆ ಎಗರಿದಾಗ, ಕೀಲಿ ತಿರುಗಿಸಿದಂತೆ ಒಮ್ಮೆಲೇ ಬಂದ್. ಹೋದ ವಾರ ಕಾಕಾನನ್ನು ಕೂರಿಸಿಕೊಂಡು ಅಣ್ಣಿಗೇರಿ ಹತ್ತಿರದ ಹೊಲಕ್ಕೆ ಹೋಗಿದ್ದೆ. ಮಳೆಯಾಗಿತ್ತು.

ಧಾರವಾಡ_ಗ್ಯಾರೇಜ್: ಅಣ್ಣಿಗೇರಿಯ ಎರೆಮಣ್ಣು! ಇದನ್ನು ಮೊದಲೇ ಹೇಳಬಾರದೇ? ಸೈಡ್ ಸ್ಟ್ಯಾಂಡಿನ ಸ್ವಿಚ್ ನೋಡಿ. ಸ್ಟ್ಯಾಂಡ್ ಇಳಿದಿದೆ ಎಂದು ಅದು ಹೇಳುತ್ತಿದ್ದರೆ ಗೇರ್ ಬಿದ್ದೊಡನೆ ಎಂಜಿನ್ ನಿಲ್ಲುತ್ತದೆ. ಪ್ರೆಷರ್ ನೀರು ಹೊಡೆಸಬೇಡಿ. ಮಣ್ಣು ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ಸ್ವಿಚ್ ಕಿತ್ತು ತಂತಿ ಜೋಡಿಸುವವರ ಮಾತು ಮಾತ್ರ ಕೇಳಬೇಡಿ. ಸ್ಟ್ಯಾಂಡ್ ಇಳಿದದ್ದು ಮರೆತು ಹೊರಟರೆ ಎಡ ತಿರುವಿನಲ್ಲಿ ನೆಲಕ್ಕೆ ತಾಗಿ ಕೆಡವುತ್ತದೆ.

ಹಾವೇರಿ_350: ನಾನು ವಿಂಡ್‌ಶೀಲ್ಡ್, ಬ್ಯಾಕ್‌ರೆಸ್ಟ್ ಎರಡೂ ಹಾಕಿಸಿದ್ದೇನೆ. ಮೊನ್ನೆ ಲಕ್ಕುಂಡಿಗೆ ಹೋಗಿ ಬಂದರೂ ಮನೆಯವರು ಸೊಂಟ ನೋವು ಎನ್ನಲಿಲ್ಲ. ಫೋಟೋ ಹಾಕಲೇ?

ಉಣಕಲ್_ಸವಾರ: ಗ್ಯಾರೇಜ್ ಅಣ್ಣಾ, ನಿಮ್ಮ ಉಪಕಾರ ಮರೆಯುವುದಿಲ್ಲ. ಸ್ಪ್ರಿಂಗಿನ ಹಿಂದೆ ಕರಿಮಣ್ಣಿನ ಹೆಂಟೆ ಒಣಗಿ ಕಲ್ಲಾಗಿತ್ತು, ಅದರೊಳಗೆ ಹತ್ತಿ ಕಡ್ಡಿಯ ತುಂಡು ಬೇರೆ. ಸ್ಟ್ಯಾಂಡ್ ಮಡಚಿದರೂ ಒಂದು ಬೆರಳಿನಷ್ಟು ಕೆಳಗೇ ನಿಲ್ಲುತ್ತಿತ್ತು. ಮೂರು ಚೊಂಬು ನೀರು ಹಿಡಿಯಿತು. ಸಂಜೆ ಧಾರವಾಡಕ್ಕೆ ಹೋಗಿ ಬಂದೆ, ಎಲ್ಲಿಯೂ ನಿಲ್ಲಲಿಲ್ಲ.

ಗದಗ_ರೈಡರ್: ಒಳ್ಳೆಯದಾಯಿತು. ಆದರೂ ಫಿಲ್ಟರ್ ಒಮ್ಮೆ ತೆಗೆಸಿ ನೋಡಿ.