ಕಸಿ ವಿಮಾನ: ಈ ಪದ ನಿಲ್ಲುತ್ತದೆಯೇ?

ಎರಡು ಮೂರು ಪ್ಲಾಸ್ಟಿಕ್ ಮಾದರಿ ಕಿಟ್‌ಗಳ ಭಾಗಗಳನ್ನು ಕತ್ತರಿಸಿ, ಒಂದರದ್ದನ್ನು ಇನ್ನೊಂದಕ್ಕೆ ಕೂಡಿಸಿ, ಯಾವ ಡಬ್ಬಿಯ ಮೇಲಿನ ಚಿತ್ರದಲ್ಲೂ ಇಲ್ಲದ ವಿಮಾನವನ್ನು ಮಾಡುವುದಕ್ಕೆ ಈ ಹವ್ಯಾಸದವರು ಕಿಟ್‌ಬ್ಯಾಶಿಂಗ್ ಎನ್ನುತ್ತಾರೆ. ಹಾಗೆ ಮಾಡಿದ್ದು ಚರಿತ್ರೆಯಲ್ಲಿ ಇಲ್ಲದ, ಆದರೆ ಇರಲು ಕಾರಣವಿದ್ದ ವಿಮಾನವಾದರೆ ಅದು ವಾಟ್-ಇಫ್. ಕೊಪ್ಪಳದಲ್ಲಿ ನನ್ನ ಅಕ್ಕನ ಮಗ ಅಂಥದ್ದೊಂದನ್ನು ಕಟ್ಟುತ್ತಿದ್ದಾನೆ. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಅದರ ಪಕ್ಕದಲ್ಲಿಡುವ ಬರಹ ಕನ್ನಡದಲ್ಲೇ ಇರಬೇಕೆಂಬುದು ಅವನ ಹಟ, ಬರೆದುಕೊಡುವ ಹೊಣೆ ನನ್ನದು. ಈ ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲು ವಸ್ತುವನ್ನು ಹೇಳುತ್ತೇನೆ. ಅದನ್ನು ತಿಳಿಯದೆ ಪದವನ್ನು ತೂಗಲಾಗದು. ಏರ್‌ಬಸ್ ಎ310ರ ಒಡಲಿಗೆ ಬಾಲದಲ್ಲೂ ಒಂದು ಎಂಜಿನ್ ಇರುವ ಲಾಕ್‌ಹೀಡ್ ಎಲ್-1011ರ ಹಿಂಭಾಗವನ್ನು ಸೇರಿಸಿ ಮೂರು ಎಂಜಿನ್ನಿನ ವಿಮಾನ ಮಾಡುವುದು ಅವನ ಯೋಜನೆ. ಎರಡೂ ಕಿಟ್‌ಗಳು ನಿಜವಾದ ವಿಮಾನದ 144ನೇ ಒಂದು ಪಾಲಿನ ಅಳತೆಯವು. ಎ310 ಹುಟ್ಟಿದ್ದೇ ಎರಡು ಎಂಜಿನ್ನಿನಿಂದ, 1982ರಲ್ಲಿ ಮೊದಲು ಹಾರಿತು. ಅದಕ್ಕೆ ಮೂರನೆಯ ಎಂಜಿನ್ ಏಕೆ ಎಂದು ಕೇಳಿದರೆ ಅವನ ಬಳಿ ಗಟ್ಟಿಯಾದ ಉತ್ತರವಿದೆ. ಎರಡು ಅಥವಾ ಮೂರು ಎಂಜಿನ್ನಿನ ಪ್ರಯಾಣಿಕ ವಿಮಾನ, ಒಂದು ಎಂಜಿನ್ ನಿಂತರೂ 60 ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಹ ದಾರಿಯಲ್ಲೇ ಹೋಗಬೇಕೆಂಬ ನಿಯಮ ಅಮೆರಿಕದಲ್ಲಿ 1953ರಲ್ಲಿ ಬಂದಿತು. 1964ರಲ್ಲಿ ಮೂರು ಎಂಜಿನ್ನಿನ ವಿಮಾನಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಸಾಗರ ದಾಟುವ ಮಾರ್ಗಗಳಲ್ಲಿ ಡಿಸಿ-10, ಎಲ್-1011ರಂಥವುಗಳಿಗೆ ಬೆಲೆ ಬಂದದ್ದಕ್ಕೆ ಇದೂ ಒಂದು ಕಾರಣ. 1985ರಲ್ಲಿ ವಿಶೇಷ ಅನುಮತಿ ಪಡೆದ ಎರಡು ಎಂಜಿನ್ನಿನ ವಿಮಾನಗಳಿಗೆ ಮಿತಿ 120 ನಿಮಿಷಕ್ಕೆ ಏರಿತು, ಮೂರನೆಯ ಎಂಜಿನ್ನಿನ ಅಗತ್ಯ ಕರಗುತ್ತಾ ಹೋಯಿತು. ಆ ಸಡಿಲಿಕೆ ಬಾರದೇ ಹೋಗಿದ್ದರೆ? ಹುಡುಗನ ವಿಮಾನ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಆದ್ದರಿಂದ ವಾಟ್-ಇಫ್ ಎಂಬುದಕ್ಕೆ ‘ಕಾಲ್ಪನಿಕ ವಿಮಾನ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಪುಷ್ಪಕ ವಿಮಾನವೂ ಕಾಲ್ಪನಿಕವೇ. ‘ಹಾರದ ವಿಮಾನ’ ಎಂದರೆ ಕೆಟ್ಟು ನಿಂತದ್ದು ಎಂದಾಗುತ್ತದೆ. ಸಂಭಾವನಾರ್ಥದ ರೂಪಗಳನ್ನೂ ನೋಡಿದೆ: ಹಾರೀತು, ಬಂದೀತು. ಚೆಲುವಾದ ರೂಪಗಳು, ಆದರೆ ಅವು ಮುಂದಿನದನ್ನು ಊಹಿಸುತ್ತವೆ. ನಮಗೆ ಬೇಕಾದದ್ದು ಹಿಂದೆಯೇ ತಪ್ಪಿಹೋದ ಸಾಧ್ಯತೆ. ಅದನ್ನು ಕನ್ನಡ ‘ಬಹುದಿತ್ತು’ ಎಂಬ ಒಂದೇ ತುದಿಯಿಂದ ಹೇಳಿಬಿಡುತ್ತದೆ. ‘ಹಾರಬಹುದಾದ ವಿಮಾನ’ ನಾಳೆ ಹಾರೀತು, ‘ಹಾರಬಹುದಿದ್ದ ವಿಮಾನ’ ಇನ್ನು ಹಾರುವುದಿಲ್ಲ. ಎರಡಕ್ಷರ ಬದಲಾದುದಕ್ಕೆ ಇಷ್ಟು ದೊಡ್ಡ ವ್ಯತ್ಯಾಸ! ನಾನು ‘ಹಾರಬಹುದಿದ್ದ ವಿಮಾನ’ ಎಂದೇ ಬರೆಯಲಿದ್ದೇನೆ. ‘ಹಾರಬಹುದಾಗಿದ್ದ’ ಎಂಬುದು ಹೆಚ್ಚು ಶುದ್ಧ ಎನ್ನುವವರಿದ್ದರೆ ಕಾರಣ ಸಹಿತ ತಿಳಿಸಿ. ನನ್ನ ಕಿವಿಗೆ ಅದು ಉದ್ದವಾಯಿತು.

ಕಷ್ಟವಿರುವುದು ಕಿಟ್‌ಬ್ಯಾಶಿಂಗ್‌ನಲ್ಲಿ. ಬ್ಯಾಶ್ ಎಂದರೆ ಬಡಿ, ಜಜ್ಜು. ಆ ಅರ್ಥವನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಕೆಲಸ ಬಹಳ ನಾಜೂಕಿನದು. ‘ಜೋಡಣೆ’ ಎನ್ನೋಣವೆಂದರೆ ಕಿಟ್ ಅನ್ನು ಅದರಲ್ಲಿರುವ ಸೂಚನೆಯಂತೆಯೇ ಮಾಡುವುದೂ ಜೋಡಣೆಯೇ. ‘ಸಂಕರ’ಕ್ಕೆ ಹತ್ತಿಬೀಜದ, ಜೋಳದ ವಾಸನೆ ಅಂಟಿದೆ, ಅಲ್ಲದೆ ಸಂಕರದಲ್ಲಿ ಎರಡೂ ಬೆರೆತುಹೋಗುತ್ತವೆ, ಇಲ್ಲಿ ಬಾಲ ಬಾಲವಾಗಿ, ಒಡಲು ಒಡಲಾಗಿ ಉಳಿಯುತ್ತದೆ.

ನನಗೆ ಒಪ್ಪಿಗೆಯಾದ ಪದ ‘ಕಸಿ’. ಕೊಪ್ಪಳದ ಸುತ್ತ ಮಾವಿನ ತೋಟವಿರುವ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ನಾಟಿ ಗಿಡದ ಬುಡ, ಬೇರೆ ತಳಿಯ ಕಸಿಕಡ್ಡಿ, ಎರಡರ ಗಾಯ ಒಂದಕ್ಕೊಂದು ಕೂಡಬೇಕು. ಪ್ಲಾಸ್ಟಿಕ್‌ನಲ್ಲೂ ನಡೆಯುವುದು ಬಹುಮಟ್ಟಿಗೆ ಇದೇ. ಈ ಕಿಟ್‌ಗಳು ಪಾಲಿಸ್ಟೈರೀನ್‌ನವು; ಅವುಗಳಿಗೆ ಹಚ್ಚುವ ದ್ರವ ಗೋಂದಿನಂತೆ ನಡುವೆ ನಿಂತು ಹಿಡಿಯುವುದಿಲ್ಲ, ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸಿ ತಾನು ಆರಿಹೋಗುತ್ತದೆ. ಹೀಗಾಗಿ ‘ಅಂಟಿಸುವುದು’ ಎಂದು ಬರೆಯುವುದಕ್ಕಿಂತ ‘ಬೆಸೆಯುವುದು’ ಎಂದು ಬರೆಯುವುದು ನಿಜಕ್ಕೆ ಹತ್ತಿರ. ಕಸಿ ಎಂಬುದು ಗಿಡಕ್ಕೆ ಮಾತ್ರ ಸಲ್ಲುವ ಮಾತು ಎನ್ನುವವರು ಪತ್ರಿಕೆಗಳಲ್ಲಿ ನಿತ್ಯ ಬರುವ ‘ಮೂತ್ರಪಿಂಡ ಕಸಿ’, ‘ಅಂಗಾಂಗ ಕಸಿ’ಗಳನ್ನು ನೆನೆಯಲಿ. ತೋಟದಿಂದ ಆಸ್ಪತ್ರೆಗೆ ಹೋದ ಪದ ಹವ್ಯಾಸಿಯ ಮೇಜಿಗೂ ಬರಬಾರದೇಕೆ?

ಒಂದು ತೊಡಕಿದೆ. ಕಸಿ ಎಂಬ ಕ್ರಿಯಾಪದಕ್ಕೆ ಕಿತ್ತುಕೊಳ್ಳು ಎಂಬ ಅರ್ಥವೂ ಇರುವುದರಿಂದ ‘ಕಸಿದ ವಿಮಾನ’ ಎಂದು ಬರೆದರೆ ಅಪಹರಣವಾಗುತ್ತದೆ. ‘ಕಸಿ ಮಾಡಿದ’, ‘ಕಸಿ ಕಟ್ಟಿದ’ ಎಂದೇ ಬಳಸಬೇಕು. ಸಮಾಸದಲ್ಲಿ ‘ಕಸಿವಿಮಾನ’ ಎಂದರೆ ಓದುಗ ಮುಗ್ಗರಿಸುತ್ತಾನೆಯೇ, ಇದು ನನ್ನ ಮುಖ್ಯ ಪ್ರಶ್ನೆ.

ಇನ್ನೊಂದು ಪದಕ್ಕೆ, ಅಂದರೆ ಕೂಡಿದ ಜಾಗವನ್ನು ತುಂಬುವ ಪದಾರ್ಥದ ಹೆಸರಿಗೆ, ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ ಎಂಬುದು ನನಗೆ ಬಹಳ ಸಂತೋಷದ ವಿಷಯ. ಎ310ರ ಒಡಲಿನ ವ್ಯಾಸ 5.64 ಮೀಟರ್, ಎಲ್-1011ರದು 5.97 ಮೀಟರ್. ಮಾದರಿಯಲ್ಲಿ ಅದು ಸುಮಾರು 39 ಮತ್ತು 41.5 ಮಿಲಿಮೀಟರ್. ಕೂಡಿದಲ್ಲಿ ಸುತ್ತಲೂ ಒಂದು ಮಿಲಿಮೀಟರಿಗೂ ಹೆಚ್ಚಿನ ಮೆಟ್ಟಿಲು ಏಳುತ್ತದೆ. ಅದನ್ನು ತುಂಬಿ, ಉಜ್ಜಿ, ಒಡಲು ಸರಾಗವಾಗಿ ಬಾಲಕ್ಕೆ ಹರಿಯುವಂತೆ ಮಾಡುವುದೇ ಈ ಕೆಲಸದ ದೊಡ್ಡ ಪಾಲು. ಬಾಲದ ಬುಡದ ಮೇಲಿನ ಗಾಳಿಬಾಯಿಯಿಂದ ಎಸ್ ಆಕಾರದಲ್ಲಿ ಇಳಿದು ಎಂಜಿನ್ನಿಗೆ ಸೇರುವ ಕೊಳವೆಯ ಹೊರಮೈಯನ್ನೂ ಹಾಗೆಯೇ ತಿದ್ದಬೇಕು. ತುಂಬುವ ಆ ಮೆತ್ತನೆಯ ಪದಾರ್ಥಕ್ಕೆ ಬಣ್ಣದ ಕೆಲಸದವರು ಪುಟ್ಟಿ ಎನ್ನುತ್ತಾರೆ. ಆದರೆ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳಿಗಾಗಿ ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ಮಾಡಿಕೊಳ್ಳುವ ಪದಾರ್ಥಕ್ಕೆ ‘ಕಿಟ್ಟ’ ಎಂಬ ಹೆಸರಿದೆ. ಬೇರೆ ಬೇರೆ ತುಂಡುಗಳಿಂದ ಒಂದು ಆಕೃತಿ ಮಾಡುವವರ ಬಾಯಿಯ ಪದವಿದು. ಇದಕ್ಕಿಂತ ಹಕ್ಕಿನ ಪದ ಎಲ್ಲಿ ಸಿಕ್ಕೀತು? ಬಳ್ಳಾರಿ, ಸಂಡೂರಿನ ಕಡೆಯವರು ‘ಕಬ್ಬಿಣದ ಕಿಟ್ಟ’ ಎಂಬುದನ್ನು, ಅಂದರೆ ಲೋಹಮಲವನ್ನು, ನೆನೆಯುವ ಸಂಭವವಿದೆ. ಸಂದರ್ಭವೇ ಅದನ್ನು ಬಿಡಿಸುತ್ತದೆ ಎಂದುಕೊಂಡಿದ್ದೇನೆ.

ಕಿನ್ನಾಳದ ಕೆಲಸವನ್ನು ಹತ್ತಿರದಿಂದ ಬಲ್ಲವರು ಇನ್ನೆರಡು ಪದಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ. ಅಂಟು ಹಚ್ಚುವ ಮೊದಲು ತುಂಡುಗಳನ್ನು ಸುಮ್ಮನೆ ಕೂಡಿಸಿ ನೋಡುವುದಕ್ಕೆ ಏನೆನ್ನುತ್ತಾರೆ? ಕಿಟ್ಟ ಒಣಗಿದ ಮೇಲೆ ಉಜ್ಜಿ ಸಮ ಮಾಡುವುದಕ್ಕೆ ಬೇರೆ ಹೆಸರಿದೆಯೇ? ಬರಹದ ಹಲಗೆಯಲ್ಲಿ ಆ ಎರಡು ಜಾಗಗಳನ್ನು ಖಾಲಿ ಬಿಟ್ಟಿದ್ದೇನೆ.